ಮೂರೂವರೆ ಮೇಸ್ತ್ರಿಯ ಇಲ್ಲದ ಬೆರಳು

ಎಲ್ಲರಿಗೂ ಅವರು ಮೂರೂವರೆ ಮೇಸ್ತ್ರಿ. ಇಪ್ಪತ್ತು ವರ್ಷಗಳ ಹಿಂದೆ ಗರಗಸದ ಯಂತ್ರ ಅವರ ಬಲಗೈಯ ಕಿರುಬೆರಳನ್ನು ಬುಡದವರೆಗೆ, ಉಂಗುರಬೆರಳನ್ನು ಅರ್ಧಕ್ಕೆ ತಿಂದುಹಾಕಿತ್ತು. ಅಡ್ಡಹೆಸರು ಇಟ್ಟುಕೊಂಡವರೂ ಅವರೇ. "ಬೇರೆಯವರು ಬೆನ್ನ ಹಿಂದೆ ಕರೆಯೋ ಮೊದಲು ನಾವೇ ಎದುರಿಗೆ ಕರ್ಕೊಂಡ್ರೆ ಆಯ್ತು" ಎನ್ನುತ್ತಿದ್ದರು. ಆ ಕೈ ಕೂರಿಸಿದ ಬಾಗಿಲು ಕೂದಲೆಳೆಯಷ್ಟೂ ವಾಲುತ್ತಿರಲಿಲ್ಲ. ಆದರೆ ಹೊಸಬರು ಎದುರು ನಿಂತರೆ ಬಲಗೈ ತಾನಾಗಿ ಜೇಬು ಸೇರುತ್ತಿತ್ತು. ಹೆಂಡತಿಗೆ ಪಾಲಿಶ್ ಕೆಲಸ. ಮೇಸ್ತ್ರಿ ಮಾಡಿದ ಮರದ ಸಾಮಾನಿಗೆ ಹೊಳಪು ಕೊಡುವವಳು ಅವಳೇ, ಮೇಸ್ತ್ರಿಯ ಒರಟು ಮಾತನ್ನು ಉಪ್ಪುಕಾಗದ ಹಿಡಿದು ಉಜ್ಜಿ ನುಣುಪು ಮಾಡುವವಳೂ ಅವಳೇ.

ಒಮ್ಮೆ ಕಾಲೇಜಿನ ಲ್ಯಾಬಿಗೊಂದು ಮೇಜು ಬೇಕಾಯಿತು. ಅಲ್ಲಿ ಸಂಶೋಧನೆ ಮಾಡುವ ಹುಡುಗಿ ಅಳತೆ ಕೊಟ್ಟಳು.

"ಒಂದು ಮಿಲಿಮೀಟರ್ ಕೂಡ ಆಚೀಚೆ ಆಗ್ಬಾರ್ದು ಮೇಸ್ತ್ರಿ. ವಿಆರ್ ಕನ್ನಡಕ ಹಾಕಿದ್ರೆ ಒಳಗೂ ಇದೇ ಮೇಜು ಕಾಣುತ್ತೆ. ಕಣ್ಣಿಗೆ ಕಂಡ ಜಾಗದಲ್ಲೇ ಕೈಗೂ ಸಿಗ್ಬೇಕು."

ಮೇಜು ಜೋಡಿಸಿ ಮುಗಿಸಿದ ದಿನ, "ಏನದು ಕನ್ನಡಕ, ನೋಡೋಣ ಕೊಡಮ್ಮ" ಎಂದರು ಮೇಸ್ತ್ರಿ.

ಹಾಕಿಕೊಂಡು ಕುಳಿತರೆ ಬೇರೆಯೇ ಕೋಣೆ. ಮೇಜು ಮಾತ್ರ ತಮ್ಮದೇ! ತಲೆ ತಗ್ಗಿಸಿದರೆ ಯಾರದೋ ನೀಲಿ ಅಂಗಿ, ಯಾರದೋ ಎರಡು ಕೈ. ಬಲಗೈಯಲ್ಲಿ ಐದೂ ಬೆರಳು.

"ಯಾರದಮ್ಮ ಈ ಕೈ?"

"ನಿಮ್ಮದೇ ಅಂದ್ಕೊಳ್ಳಿ."

ಮೇಸ್ತ್ರಿ ಕೈ ಎತ್ತಿ ಇಳಿಸಿದರು. ಮತ್ತೆ ಎತ್ತಿದರು. "ಅಂದ್ಕೊಂಡ್ರೆ ಆಗುತ್ತಾ? ನಾನು ಎತ್ತಿ ಮುಗಿಸಿದ ಮೇಲೆ ಇದು ಎತ್ತುತ್ತೆ. ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತು ಅನ್ನೋ ಹಾಗಿದೆ. ಈ ಕೈಯಲ್ಲಿ ಸುತ್ತಿಗೆ ಹಿಡಿದ್ರೆ ಹೆಬ್ಬೆರಳು ಉಳಿಯಲ್ಲ!"

ಹುಡುಗಿ ಕಂಪ್ಯೂಟರಿಗೆ ಓಡಿದಳು. ಲೆಕ್ಕ ಹಾಕಿ ನೋಡಿದರೆ ಸೆಕೆಂಡಿನ ಐದನೆಯ ಒಂದು ಭಾಗದಷ್ಟು ತಡ! ಒಂದು ತಿಂಗಳಿಂದ ಬಂದವರೆಲ್ಲ "ಚೆನ್ನಾಗಿದೆ, ಆದರೆ ನನ್ನ ಮೈ ಅನ್ಸಲ್ಲ" ಎಂದು ಹೇಳಿ ಹೋಗುತ್ತಿದ್ದರು. ಅವಳು ಕನ್ನಡಕದೊಳಗಿನ ಆ ಮೈಯ ಮುಖ ಬದಲಿಸಿದ್ದಳು, ಬಣ್ಣ ಬದಲಿಸಿದ್ದಳು, ಕೂದಲು ಕೂಡ ಬದಲಿಸಿದ್ದಳು.

"ಮೂಗು ಯಾರದಾದ್ರೆ ಏನಮ್ಮ, ಜೊತೆಜೊತೆಗೆ ನಡೀಬೇಕು" ಎಂದರು ಮೇಸ್ತ್ರಿ.

ಅರ್ಧ ಗಂಟೆಯಲ್ಲಿ ಅವಳು ಸರಿಪಡಿಸಿದಳು. ಈಗ ಎತ್ತಿದರೆ ಎತ್ತಿತು, ಮಡಚಿದರೆ ಮಡಚಿತು. ಆಮೇಲೆ ಹುಡುಗಿ ಮೆತ್ತನೆಯ ಕುಂಚ ತಂದು, ಕಿರುಬೆರಳಿದ್ದ ಜಾಗದ ಮೊಂಡನ್ನು ಸವರಿದಳು. ಕನ್ನಡಕದೊಳಗೆ ಅದೇ ಹೊತ್ತಿಗೆ ಇನ್ನೊಂದು ಕುಂಚ ಇಡೀ ಬೆರಳಿನ ಮೇಲೆ ಉಗುರಿನ ತನಕ ಹರಿಯಿತು. ಒಂದು ನಿಮಿಷ, ಎರಡು ನಿಮಿಷ.

ಮೇಸ್ತ್ರಿ ಕೂಗಿಕೊಂಡರು: "ತುದಿಗೆ ತಾಗ್ತಿದೆ! ಇಲ್ಲದ ಬೆರಳಿನ ತುದಿಗೆ ತಾಗ್ತಿದೆ ಕಣಮ್ಮಾ!"

ಅಷ್ಟರಲ್ಲಿ ಹುಡುಗಿ ಒಂದು ಗುಂಡಿ ಒತ್ತಿದಳು, ಕನ್ನಡಕದೊಳಗೆ ಒಂದು ಸುತ್ತಿಗೆ ಸರ್ರನೆ ಆ ಕೈ ಮೇಲೆ ಇಳಿಯಿತು. ಮೇಸ್ತ್ರಿ ಕೈ ಕಿತ್ತುಕೊಂಡ ರಭಸಕ್ಕೆ ಕುರ್ಚಿ ಮಗುಚಿತು. ಹುಡುಗಿ ಎತ್ತಲು ಬಂದವಳು ಕುಣಿಯುತ್ತಲೇ ಬಂದಳು. "ಇದೇ ಮೇಸ್ತ್ರಿ, ಇದೇ! ನಿಮ್ಮ ಮನಸ್ಸು ಆ ಕೈನ ನಿಮ್ಮದು ಅಂತ ಒಪ್ಕೊಂಡಿದೆ!"

ಸಂಜೆಯೆಲ್ಲ ಮನೆಯಲ್ಲಿ ಅದೇ ಮಾತು. ಊಟಕ್ಕೆ ಏನು ಬಡಿಸಿದ್ದೆಂದು ಹೆಂಡತಿ ಕೇಳಿದರೆ ಹೇಳಲಾರರು. "ಮರದ ಧೂಳು ತಲೆಗೇರಿದೆ ನಿಮಗೆ" ಎಂದಳು ಅವಳು. ಆದರೂ ಮರುದಿನ ಪಾಲಿಶ್ ಡಬ್ಬಿ ಹಿಡಿದು ಲ್ಯಾಬಿಗೆ ಬಂದವಳು ಮೊದಲು ಕೇಳಿದ್ದು ಕನ್ನಡಕವನ್ನೇ.

"ಯಾವ ಮೈ ಹಾಕ್ಲಿ?" ಎಂದಳು ಹುಡುಗಿ.

ಮೇಸ್ತ್ರಿ ಹತ್ತಿರ ಬಂದರು. "ನನ್ನ ಕೈ ಹಾಕೋಕಾಗುತ್ತಾ? ಇದ್ದ ಹಾಗೇ?" ಎಂದು ಬಲಗೈಯನ್ನು ಮೇಜಿನ ಮೇಲೆ, ಕ್ಯಾಮೆರಾದ ಕೆಳಗೆ ಚಾಚಿಟ್ಟರು.

ಮಧ್ಯಾಹ್ನದ ಹೊತ್ತಿಗೆ ಹೆಂಡತಿ ಕನ್ನಡಕ ಹಾಕಿ, ಗಂಡನ ಕೈಯನ್ನೇ ತನ್ನದಾಗಿಸಿಕೊಂಡು ಕೂತಿದ್ದಳು. ಬಹಳ ಹೊತ್ತು ಆ ಕೈಯನ್ನು ಮಗುಚಿ ಮಗುಚಿ ನೋಡಿದಳು. ಒಳಗಿನ ಸುತ್ತಿಗೆ ಎತ್ತಿ ಮೊಳೆ ಹೊಡೆಯಲು ಹೋದರೆ ಜಾರಿತು. ಮತ್ತೆ ಜಾರಿತು.

"ನಿಲ್ಲೋದೇ ಇಲ್ವಲ್ರೀ! ಇಷ್ಟು ವರ್ಷ ಇದರಲ್ಲಿ ಹೇಗ್ರೀ ಹಿಡಿದ್ರಿ?"

"ಹೆಬ್ಬೆರಳು ಕೆಳಗೆ ತಗೋ. ಮಣಿಕಟ್ಟು ಒಳಕ್ಕೆ ತಿರುಗಿಸು. ಬಿಗಿ ಹಿಡೀಬೇಡ ಕಣೇ, ತೂಗಾಡಿಸು!"

ಠಣ್ಣೆಂದಿತು ಮೊಳೆ. "ಹೋಯ್ತು! ಒಳಗೆ ಹೋಯ್ತು! ಕಂಡ್ರಾ?" ಎಂದು ಅವಳು ಕಿರುಚಿದ್ದಕ್ಕೆ ಪಕ್ಕದ ಕೋಣೆಯವರು ಬಂದು ಇಣುಕಿದರು.

ಅಂದಿನಿಂದ ಹೊಸ ದೇಹ ಸಿದ್ಧವಾದಾಗಲೆಲ್ಲ ಹುಡುಗಿ ಮೊದಲು ಕರೆಯುವುದು ಈ ಇಬ್ಬರನ್ನೇ. ಕಳೆದ ತಿಂಗಳು ಮೇಸ್ತ್ರಿ ನಾಲ್ಕು ವರ್ಷದ ಮಗುವಿನ ಮೈಯಲ್ಲಿ ನಿಂತರು. ಎದುರಿಗೆ ಗೋಡೆಯಂಥ ಬಾಗಿಲು. ಅದರ ಹಿಡಿ ಎಲ್ಲೋ ಆಕಾಶದಲ್ಲಿ.

"ಎಟುಕೋದೇ ಇಲ್ಲ ಕಣೇ!" ಎಂದು ಹೆಂಡತಿಯನ್ನು ಕೂಗಿದರು. "ಮೂವತ್ತು ವರ್ಷ ಬಾಗಿಲು ಮಾಡಿದೀನಿ, ಒಂದು ದಿನಾನೂ ಇದು ಹೊಳೀಲಿಲ್ವಲ್ಲ!"

ಈಗ ಅವರ ಕೈಯಲ್ಲಿರುವುದು ಪುಟ್ಟ ಮಕ್ಕಳ ಶಾಲೆಯೊಂದರ ಕೆಲಸ. ಎಂಟು ಬಾಗಿಲು. ಪ್ರತಿಯೊಂದಕ್ಕೂ ಎರಡು ಹಿಡಿ, ಒಂದು ಟೀಚರಿಗೆ, ಇನ್ನೊಂದು ದೊಡ್ಡವರ ಮೊಳಕಾಲಿಗಿಂತ ಒಂದು ಗೇಣು ಮೇಲೆ.