ಚುಕ್ಕಿ ಟೀಚರ್ ಮತ್ತು ಹನ್ನೊಂದು ಮಕ್ಕಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಾವಲುಗಾರ ಶಾಲೆಯ ಗೇಟಿನ ಬೀಗ ತೆಗೆಯುವಷ್ಟರಲ್ಲಿ ಟೀಚರ್ ಹೊರಗೆ ಬಂದು ನಿಂತಿದ್ದಾರೆ. ಹೆಗಲಲ್ಲಿ ಬಟ್ಟೆಯ ಚೀಲ, ಅದರೊಳಗೆ ಅಕ್ಷರ ಬರೆದ ರಟ್ಟಿನ ತುಂಡುಗಳು. ನೇರವಾಗಿ ಮೆಟ್ಟಿಲ ಕೆಳಗಿನ ಕೋಣೆಗೆ ಹೋಗಿ, ತಲೆ ತಗ್ಗಿಸಿ ಒಳಗೆ ಕಾಲಿಡುತ್ತಾರೆ. ಹಿಂದೆ ಪೊರಕೆ, ಬಕೆಟ್ ಇಡುತ್ತಿದ್ದ ಜಾಗ ಅದು. ಈಗ ಒಂದು ಮೇಜು, ಮೂರು ಕುರ್ಚಿ, ಗೋಡೆಯ ಮೇಲೆ ಹನ್ನೊಂದು ಚೌಕುಳಿ ಹಾಳೆ. ಹಾಳೆಗಳ ಮೇಲೆ ಹೆಸರಿಲ್ಲ, ಪೆನ್ಸಿಲಿನ ಚುಕ್ಕಿಗಳು ಮಾತ್ರ. ಯಾವ ಹಾಳೆ ಯಾರದೆಂಬುದು ಅವರಿಗೆ ಗೊತ್ತು, ಆಯಾ ಮಗುವಿಗೆ ಗೊತ್ತು.

ಮಕ್ಕಳ ಬಾಯಲ್ಲಿ ಅವರು ಚುಕ್ಕಿ ಟೀಚರ್. ವಯಸ್ಸು ಐವತ್ತಾರು.

ಏಳೂಕಾಲಿಗೆ ಮೊದಲ ಮಗು ಬರುತ್ತದೆ. ಎರಡನೇ ತರಗತಿಯ ಹುಡುಗಿ. ಗದ್ದಲ ಶುರುವಾದರೆ ಕಿವಿ ಮುಚ್ಚಿಕೊಂಡು ನೆಲಕ್ಕೆ ಕೂರುವವಳು. ಹಾಗಾಗಿ ಎಲ್ಲರಿಗಿಂತ ಮೊದಲೇ ಅವಳನ್ನು ಕರೆಸಿಕೊಳ್ಳುತ್ತಾರೆ.

"ರಾತ್ರಿ ನಿದ್ದೆ ಬಂತಾ?"

ಹುಡುಗಿ ತಲೆಯಾಡಿಸುತ್ತಾಳೆ.

"ಏನಾದ್ರೂ ತಿಂದ್ಯಾ? ಇವತ್ತು ಯಾವ ಪೀರಿಯಡ್ ಕಷ್ಟ ಅನ್ಸುತ್ತೆ?"

ಹುಡುಗಿ ನಾಲ್ಕು ಬೆರಳು ತೋರಿಸುತ್ತಾಳೆ. ಟೀಚರ್ ಒಂದು ಚೀಟಿಯಲ್ಲಿ ನಾಲ್ಕನೇ ಪೀರಿಯಡ್ಡಿನ ಚೌಕಕ್ಕೆ ಗುರುತು ಹಾಕಿ ಅವಳ ಕೈಗಿಡುತ್ತಾರೆ. ದಿನವಿಡೀ ಆ ಚೀಟಿ ತರಗತಿಯಿಂದ ತರಗತಿಗೆ ಹೋಗುತ್ತದೆ. ಪ್ರತಿ ಪೀರಿಯಡ್ ಮುಗಿದಾಗ ಆ ತರಗತಿಯ ಶಿಕ್ಷಕರು ಮಗು ಹೇಗಿತ್ತೆಂದು ಸೊನ್ನೆ, ಒಂದು, ಇಲ್ಲವೇ ಎರಡು ಬರೆಯಬೇಕು, ಚೆನ್ನಾಗಿದ್ದರೆ ಎರಡು. ಸಂಜೆ ಚೀಟಿ ಮರಳಿ ಇಲ್ಲಿಗೆ ಬರುತ್ತದೆ.

ಶಾಲೆಯಲ್ಲಿ ಆರುನೂರ ಹನ್ನೆರಡು ಮಕ್ಕಳು. ವರ್ಷಕ್ಕೆ ಮೂರು ಸಲ ಎಲ್ಲರ ಓದು, ಲೆಕ್ಕ ಪರೀಕ್ಷಿಸುತ್ತಾರೆ. ಹೆಚ್ಚಿನವರಿಗೆ ತರಗತಿಯ ಪಾಠವೇ ಸಾಕು. ಅದು ಮೊದಲ ಮೆಟ್ಟಿಲು. ಹಿಂದೆ ಬಿದ್ದ ಎಪ್ಪತ್ತನಾಲ್ಕು ಮಕ್ಕಳನ್ನು ಐದೈದರ ಗುಂಪು ಮಾಡಿ, ವಾರಕ್ಕೆ ಮೂರು ದಿನ ಬೇರೆ ಶಿಕ್ಷಕರು ಹೇಳಿಕೊಡುತ್ತಾರೆ, ಅದು ಎರಡನೆಯದು. ಅಲ್ಲೂ ಸುಧಾರಿಸದವರು ಹನ್ನೊಂದು ಮಂದಿ. ಕೆಲವರಿಗೆ ಅಕ್ಷರ ಹತ್ತುವುದಿಲ್ಲ, ಕೆಲವರಿಗೆ ಸಿಟ್ಟು ಹತೋಟಿಗೆ ಬರುವುದಿಲ್ಲ, ಮೂರ್ನಾಲ್ಕು ಮಕ್ಕಳಿಗೆ ಎರಡೂ. ಅವರು ಒಬ್ಬೊಬ್ಬರಾಗಿ ಮೆಟ್ಟಿಲ ಕೆಳಗಿನ ಕೋಣೆಗೆ ಬರುತ್ತಾರೆ, ದಿನಕ್ಕೆ ಇಪ್ಪತ್ತೈದು ನಿಮಿಷ. ಶುಕ್ರವಾರ ಪ್ರತಿ ಮಗು ಒಂದು ನಿಮಿಷದಲ್ಲಿ ಎಷ್ಟು ಪದ ಓದುತ್ತದೆಂದು ಎಣಿಸಿ, ಹಾಳೆಯ ಮೇಲೆ ಒಂದು ಚುಕ್ಕಿ. ಸಹೋದ್ಯೋಗಿಗಳು ಕೋಣೆಗೆ 'ರಿಪೇರಿ ಅಂಗಡಿ' ಎಂದು ಹೆಸರಿಟ್ಟಿದ್ದಾರೆ. ಟೀಚರ್ ನಗುವುದಿಲ್ಲ. "ಕೆಟ್ಟಿರೋದು ಮಗು ಅಂತ ಯಾರು ಹೇಳಿದ್ದು?" ಎನ್ನುತ್ತಾರೆ.

ಅವರು ಮೊದಲಿನಿಂದಲೂ ಹೀಗಿದ್ದವರಲ್ಲ. ಹದಿನೆಂಟು ವರ್ಷ ಐದನೇ ತರಗತಿಗೆ ಪಾಠ ಮಾಡಿದವರು, ಕಟ್ಟುನಿಟ್ಟಿಗೆ ಹೆಸರಾದವರು. ಅವರ ತರಗತಿಯಲ್ಲಿ ಸೂಜಿ ಬಿದ್ದರೂ ಕೇಳುತ್ತಿತ್ತು. ಕೊನೆಯ ಬೆಂಚಿನಲ್ಲಿ ಒಬ್ಬ ಹುಡುಗಿಯಿದ್ದಳು. ತಂಟೆಯಿಲ್ಲ, ತಕರಾರಿಲ್ಲ, ಬೋರ್ಡಿನ ಮೇಲಿದ್ದುದನ್ನು ಮುತ್ತು ಪೋಣಿಸಿದ ಹಾಗೆ ಬರೆದುಕೊಳ್ಳುತ್ತಿದ್ದಳು. ಟೀಚರ್ ಅವಳ ನೋಟ್‌ಬುಕ್ಕನ್ನು ಉಳಿದವರಿಗೆ ಎತ್ತಿ ತೋರಿಸುತ್ತಿದ್ದರು. ಪರೀಕ್ಷೆಯಲ್ಲಿ ಮಾತ್ರ ಹೇಗೋ ದಾಟುತ್ತಿದ್ದಳು. ಏಳನೇ ತರಗತಿಗೆ ಶಾಲೆ ಬಿಟ್ಟಳು.

ಹತ್ತು ವರ್ಷದ ಮೇಲೆ ಔಷಧದ ಅಂಗಡಿಯ ಮುಂದೆ ಅವಳೇ ಸಿಕ್ಕಳು. ಸೊಂಟದಲ್ಲಿ ಜ್ವರದ ಕೂಸು, ಕೈಯಲ್ಲಿ ಔಷಧದ ಬಾಟಲಿ.

"ಟೀಚರ್, ಇದನ್ನ ಎಷ್ಟು ಹೊತ್ತಿಗೊಂದ್ಸಲ ಕೊಡ್ಬೇಕು ಅಂತ ಬರೆದಿದೆ? ಅಂಗಡಿಯವರು ಹೇಳಿದ್ದು ಮರೆತೋಯ್ತು."

ಬಾಟಲಿಗೆ ಅಂಟಿಸಿದ ಚೀಟಿಯ ಮೇಲೆ ಕನ್ನಡದಲ್ಲೇ, ದಪ್ಪ ಅಕ್ಷರದಲ್ಲಿ ಎರಡೇ ಸಾಲು ಇತ್ತು. ಟೀಚರಿಗೆ ಆಗ ಅರ್ಥವಾಯಿತು. ಆ ಹುಡುಗಿ ಅಕ್ಷರಗಳನ್ನು ಚಿತ್ರ ಬಿಡಿಸಿದ ಹಾಗೆ ಬಿಡಿಸುತ್ತಿದ್ದಳು, ಅಷ್ಟೆ. ಓದಲು ಅವಳಿಗೆ ಬರುತ್ತಲೇ ಇರಲಿಲ್ಲ.

"ಅವಳ ಮುಖದಲ್ಲಿ ಕೋಪ ಇರ್ಲಿಲ್ಲ," ಎನ್ನುತ್ತಾರೆ ಟೀಚರ್. "ಇದ್ದಿದ್ರೆ ಎಷ್ಟೋ ವಾಸಿ ಅನ್ಸ್ತಿತ್ತು. ಇಡೀ ವರ್ಷ ನನ್ನ ಕಣ್ಣೆದುರಿಗೇ ಕೂತಿದ್ಲು. ಗಲಾಟೆ ಮಾಡ್ಲಿಲ್ಲ ಅನ್ನೋ ಒಂದೇ ಕಾರಣಕ್ಕೆ ನಾನು ತಿರುಗಿ ನೋಡ್ಲಿಲ್ಲ."

ಮರುದಿನವೇ ಮುಖ್ಯೋಪಾಧ್ಯಾಯರ ಬಳಿ ಹೋಗಿ, ಹಿಂದೆ ಬಿದ್ದ ಮಕ್ಕಳನ್ನು ತಮಗೆ ಕೊಡಿ ಎಂದು ಕೇಳಿದರು. ತರಬೇತಿಗೆ ಹೋಗಿ, ತಮ್ಮ ಅರ್ಧ ವಯಸ್ಸಿನವರ ಪಕ್ಕ ಕುಳಿತು ಕಲಿತರು. ಅಚ್ಚುಕೂಟದಲ್ಲಿ ಕೆಲಸ ಮಾಡುವ ಗಂಡ ಉಳಿದ ರಟ್ಟನ್ನು ಕತ್ತರಿಸಿ ತಂದುಕೊಡುತ್ತಾರೆ. ಹಾಸಿಗೆ ಹಿಡಿದಿರುವ ಅತ್ತೆ ಪ್ರತಿ ಶುಕ್ರವಾರ ಕೇಳುತ್ತಾರೆ, "ಇವತ್ತು ಎಷ್ಟು ಚುಕ್ಕಿ ಮೇಲಕ್ಕೆ ಹೋದ್ವೇ?" ಇಳಿದ ಚುಕ್ಕಿಗಳ ಸುದ್ದಿಯನ್ನು ಸೊಸೆ ಅವರಿಗೆ ಹೇಳುವುದಿಲ್ಲ.

ಎರಡು ವರ್ಷದ ಹಿಂದೆ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಈ ಕೋಣೆಗೆ ಬಂದಳು. ಪುಸ್ತಕ ಹರಿದು ಹಾಕುವುದು ಅವಳ ಕೆಲಸ. ತಡೆಯಲು ಹೋದವರನ್ನು ಕಚ್ಚುವುದೂ ಉಂಟು. ತರಗತಿಯವರು 'ಹರಿಯೋ ರಾಣಿ' ಎಂದು ಕರೆಯುತ್ತಿದ್ದರು. ಶಾಲೆಯಿಂದ ಕಳಿಸಿಬಿಡುವ ಮಾತೂ ಬಂದಿತ್ತು.

ಟೀಚರ್ ಮೂರು ವಾರ ಅವಳ ತರಗತಿಯ ಮೂಲೆಯಲ್ಲಿ ಕುಳಿತು ಬರೆದುಕೊಂಡರು: ಯಾವಾಗ ಹರಿದಳು, ಅದಕ್ಕೆ ಮುಂಚೆ ಏನಾಯಿತು, ಆಮೇಲೆ ಏನಾಯಿತು. ಹದಿನಾರು ಸಲದಲ್ಲಿ ಹದಿನಾಲ್ಕು ಸಲ ಒಂದೇ ಕತೆ. ಸಾಲಾಗಿ ಗಟ್ಟಿಯಾಗಿ ಓದುವ ಸರದಿ ಅವಳಿಗಿಂತ ಮುಂಚೆ ಓದಬೇಕಾದ ಹುಡುಗಿಯ ತನಕ ಬಂದಾಗ ಪುಸ್ತಕ ಹರಿಯುತ್ತಿತ್ತು. ಹರಿದರೆ ಹೊರಗೆ ಕಳಿಸುತ್ತಿದ್ದರು. ಹೊರಗೆ ಹೋದರೆ ಓದುವ ಗೋಜಿಲ್ಲ.

"ನಾವು ಶಿಕ್ಷೆ ಅಂದ್ಕೊಂಡಿದ್ವಿ, ಅವಳಿಗೆ ಅದೇ ಬಿಡುಗಡೆ ಆಗಿತ್ತು," ಎನ್ನುತ್ತಾರೆ ಟೀಚರ್.

ಗಟ್ಟಿಯಾಗಿ ಓದಿಸುವುದನ್ನು ನಿಲ್ಲಿಸಿದರು. ಬೇಸರವಾದಾಗ ತೋರಿಸಲು ಅವಳಿಗೊಂದು ಹಳದಿ ಚೀಟಿ ಕೊಟ್ಟರು. ತೋರಿಸಿದರೆ ಐದು ನಿಮಿಷ ಹೊರಗೆ ನಡೆದಾಡಿ ಬರಬಹುದು. ಕೋಣೆಯಲ್ಲಿ ಅಕ್ಷರದಿಂದ ಪಾಠ ಶುರುವಾಯಿತು. ನಿಮಿಷಕ್ಕೆ ಒಂಬತ್ತು ಪದ ಓದುತ್ತಿದ್ದವಳು ನಾಲ್ಕು ತಿಂಗಳಲ್ಲಿ ಮೂವತ್ತೊಂದಕ್ಕೆ ಬಂದಳು. ಪುಸ್ತಕ ಹರಿಯುವುದು ಬಹುಮಟ್ಟಿಗೆ ನಿಂತಿತು.

ಅಲ್ಲೇ ಟೀಚರ್ ಎಡವಿದರು. ಚುಕ್ಕಿಗಳು ಏರುತ್ತಿದ್ದವು, ಹೊಸ ಮಕ್ಕಳು ಕಾಯುತ್ತಿದ್ದರು. ಅವಳನ್ನು ಒಂದೇ ಏಟಿಗೆ ತರಗತಿಗೆ ಮರಳಿಸಿ, ಕೋಣೆಯ ಪಾಠವನ್ನೂ ಹಳದಿ ಚೀಟಿಯನ್ನೂ ನಿಲ್ಲಿಸಿಬಿಟ್ಟರು. ಮೂರನೇ ದಿನ ಯಾರೋ ಶಿಕ್ಷಕರು ಅವಳನ್ನು ಎಬ್ಬಿಸಿ ನಿಲ್ಲಿಸಿ ಗಟ್ಟಿಯಾಗಿ ಓದಲು ಹೇಳಿದರು. ಅವಳು ಪುಸ್ತಕ ಹರಿಯಲಿಲ್ಲ. ಸುಮ್ಮನೆ ಚೀಲ ತೆಗೆದುಕೊಂಡು ಹೋದವಳು ಹನ್ನೊಂದು ದಿನ ಬರಲಿಲ್ಲ.

ಟೀಚರ್ ಮನೆ ಹುಡುಕಿಕೊಂಡು ಹೋದರು. ಮೂರನೇ ಮಹಡಿ, ಒಂದೇ ಕೋಣೆ. ಅಜ್ಜಿ ಬಾಗಿಲಲ್ಲೇ ನಿಲ್ಲಿಸಿದರು.

"ಬೈಯೋಕೆ ಬಂದ್ರಾ ತಾಯಿ? ಬೈದಿದ್ದು ಸಾಕಾಗಿದೆ ನಮಗೆ."

"ಇಲ್ಲಮ್ಮ. ತಪ್ಪು ನಂದು. ಅವಳ ಹತ್ರ ಹೇಳಿ ಹೋಗೋಣ ಅಂತ ಬಂದೆ."

ಹುಡುಗಿ ಮಂಚದ ಪಕ್ಕ ಗೋಡೆಗೆ ಮುಖಮಾಡಿ ಕುಳಿತಿದ್ದಳು. ಟೀಚರ್ ನೆಲದ ಮೇಲೆ ಕುಳಿತರು.

"ಆತುರಪಟ್ಟಿದ್ದು ನಾನು ಪುಟ್ಟಿ. ನಿನ್ನನ್ನ ಕೇಳ್ದೆ ಕಳಿಸ್ಬಿಟ್ಟೆ. ಇನ್ಮೇಲೆ ಯಾವಾಗ ಕಳಿಸ್ಲಿ ಅಂತ ನಿನ್ನನ್ನೇ ಕೇಳ್ತೀನಿ."

ಟೀಚರ್ ಮುಕ್ಕಾಲು ಗಂಟೆ ಮಾತಿಲ್ಲದೆ ಅಲ್ಲೇ ಕುಳಿತಿದ್ದರು. ಏಳುವ ಹೊತ್ತಿಗೆ ಹುಡುಗಿ ಗೋಡೆಯ ಕಡೆಯಿಂದಲೇ ಕೇಳಿದಳು: "ನನ್ನ ಹಾಳೆ ಹರಿದು ಹಾಕ್ಬಿಟ್ರಾ?"

"ಇಲ್ಲ, ಗೋಡೆ ಮೇಲೇ ಇದೆ."

ಮರುದಿನ ಬಂದಳು. ಈಗ ಆರನೇ ತರಗತಿಯಲ್ಲಿದ್ದಾಳೆ. ತರಗತಿಗೆ ಮುಂದಿನವಳೇನಲ್ಲ, ಸಾಲಿನ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದುತ್ತಾಳೆ. ಕೋಣೆ ಬಿಟ್ಟು ಎರಡನೇ ಮೆಟ್ಟಿಲಿನ ಗುಂಪಿಗೆ ಹೋಗುವ ದಿನವನ್ನು ಅವಳೇ ಹೇಳಿದಳು. ಟೀಚರ್ ಅಂದುಕೊಂಡಿದ್ದಕ್ಕಿಂತ ಅದು ಏಳು ತಿಂಗಳು ತಡವಾಗಿತ್ತು.

ಎಲ್ಲರ ಕತೆಯೂ ಹೀಗೆ ದಡ ಸೇರುವುದಿಲ್ಲ. ಕಳೆದ ವರ್ಷ ಇಬ್ಬರು ಶಾಲೆ ಬಿಟ್ಟರು. ಅವರ ಹಾಳೆಗಳನ್ನು ಟೀಚರ್ ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದಾರೆ. ಅವರ ಬಗ್ಗೆ ಕೇಳಿದರೆ ಮಾತು ಬೇರೆ ಕಡೆ ತಿರುಗಿಸುತ್ತಾರೆ.

ನಿವೃತ್ತಿಗೆ ಇನ್ನೆರಡು ವರ್ಷ. ಏನಾದರೂ ಬೇಕೇ ಎಂದು ಕೇಳಿದರೆ ಒಂದೇ ಬೇಡಿಕೆ ಇಡುತ್ತಾರೆ.

"ನಾನು ಹೋಗೋದ್ರೊಳಗೆ ಹೊಸ ಟೀಚರ್ ಒಬ್ಬರನ್ನ ಕೊಟ್ರೆ ಸಾಕು. ಒಂದು ವರ್ಷ ನನ್ನ ಪಕ್ಕದಲ್ಲಿ ಕೂರ್ಲಿ. ಪಾಠ ಮಾಡೋದನ್ನ ಯಾರಾದ್ರೂ ಕಲಿಸ್ತಾರೆ. ಮಗು ಬಾಯಿ ಬಿಡೋ ತನಕ ಸುಮ್ನೆ ಕಾಯೋದಿದೆಯಲ್ಲ, ಅದನ್ನ ನಾನು ಕಲಿಸ್ಕೊಟ್ಟು ಹೋಗ್ತೀನಿ."