ಪಂಚಮಿಗೆ ಖಾಲಿಯಾದ ಶಾಲೆ

ಮೊದಲ ದಿನ ಪಾಠ ಶುರು ಮಾಡುತ್ತಿದ್ದಂತೆ ಕಾಲ ಕೆಳಗಿನ ನೆಲ ನಡುಗಿತು. ಗೋಡೆಯಾಚೆಯ ಕಾರ್ಖಾನೆಯಲ್ಲಿ ತಗಡು ಕತ್ತರಿಸುವ ಮಷೀನಿನ ಒಂದೊಂದು ಏಟಿಗೂ ಮಕ್ಕಳ ಸ್ಲೇಟು ಅಲುಗುತ್ತಿತ್ತು. ನಾನು ಬಾಗಿಲ ಕಡೆ ಓಡಲು ತಯಾರಾದೆ. ಮಕ್ಕಳು ತಲೆ ಕೂಡ ಎತ್ತಲಿಲ್ಲ. ತಮ್ಮನನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ರೇಣುಕಾ ಎಂಬ ಹುಡುಗಿ ನನಗೇ ಧೈರ್ಯ ಹೇಳಿದಳು: "ಅಂಜಬ್ಯಾಡ್ರಿ ಅಕ್ಕೋರ, ಅದು ಸಂಜಿತನಾ ಹಿಂಗ ಬಡೀತದ."

ಪೀಣ್ಯದ ಪಕ್ಕದ ರಾಜಗೋಪಾಲನಗರದಲ್ಲಿ ಟೀಚರನ್ನು ಮಕ್ಕಳು ಮಿಸ್ ಅನ್ನುತ್ತಾರೆ. ಭೀಮಾ ತೀರದ ನಮ್ಮ ಕಡೆಯ 'ಅಕ್ಕೋರ' ಕಿವಿಗೆ ಬಿದ್ದಾಗ ಹಾಲು ಕುಡಿದಷ್ಟು ಸಂತೋಷವಾಯಿತು. ಕೇಳಿದರೆ ರೇಣುಕಾ ನಮ್ಮೂರಿನವಳೇ. ಒಬ್ಬರ ಬೆನ್ನಿಗೆ ಒಬ್ಬರು ಬಂದು, ಅರ್ಧ ಓಣಿ ಇಲ್ಲಿ ಕಾರ್ಖಾನೆ ಸೇರಿಬಿಟ್ಟಿದೆ. ಶಾಲೆಯ ಹೆಚ್ಚಿನ ಮಕ್ಕಳು ಅವರವೇ.

ಊರಿನಲ್ಲಿ ಕೂತು ಇದನ್ನು ಓದುವ ನಿಮಗೆ ನನ್ನ ಮನೆಯನ್ನೂ ಹೇಳಬೇಕು. ವಠಾರ ಎಂದರೆ ಒಂದೇ ಅಂಗಳಕ್ಕೆ ಬಾಗಿಲು ತೆರೆಯುವ ಬಾಡಿಗೆ ಕೋಣೆಗಳ ಸಾಲು. ನಾನು ರೊಟ್ಟಿ ಬಡಿಯುವ ಸದ್ದಿಗೆ ಮೊದಲ ವಾರ ಪಕ್ಕದ ಮನೆಯವರು ಏನಾಯಿತೋ ಎಂದು ಇಣುಕಿದರು. ಎರಡನೇ ವಾರ ಬಿಸಿ ರೊಟ್ಟಿ ಕೇಳಿ ಇಸಿದುಕೊಂಡು ಮುದ್ದೆ ಕೊಟ್ಟರು. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂದು ಯಾರೂ ಹೇಳಿರಲಿಲ್ಲ. ಭಾನುವಾರಗಳು ಮಾತ್ರ ಕಳೆಯುತ್ತಿರಲಿಲ್ಲ. ಬಾಗಿಲು ಹಾಕಿಕೊಂಡು ಅತ್ತದ್ದೂ ಉಂಟು.

ಶಾಲೆಯಲ್ಲಿ ನಾವಿಬ್ಬರೇ. ಒಂದರಿಂದ ಮೂರು ನನ್ನವು, ನಾಲ್ಕು ಮತ್ತು ಐದು ಹೆಡ್‌ಮಿಸ್ ಗೌರಮ್ಮನವರವು. ಬಿಸಿಯೂಟ, ಆಫೀಸು, ಜ್ವರ ಬಂದವರನ್ನು ಮನೆ ಮುಟ್ಟಿಸುವುದು ಯಾರ ಕೈ ಖಾಲಿಯೋ ಅವರದು. ಗೌರಮ್ಮ ಇಲ್ಲೇ ಹುಟ್ಟಿ ಬೆಳೆದವರು. ಕಾರ್ಖಾನೆಗಳು ಬರುವ ಮುಂಚೆ ಇಲ್ಲಿದ್ದ ರಾಗಿ ಹೊಲ ಕಂಡವರು. ರೇಣುಕಾಳ ತಮ್ಮನಿಗೆ ಆಫೀಸಿನ ಮೂಲೆಯಲ್ಲಿ ಹಳೇ ಸೀರೆಯ ಜೋಲಿ ಕಟ್ಟಿದವರೂ ಅವರೇ. "ಮಗು ಬೇಡ ಅಂದ್ರೆ ಅವಳೂ ಬರಲ್ಲ ಕಣ್ರೀ. ಇಬ್ಬರೂ ಬರಲಿ ಬಿಡಿ," ಎಂದರು. ಅವನು ಅತ್ತಾಗ ತೂಗುವ ಕೆಲಸ ನಮ್ಮಿಬ್ಬರದು.

ಮೂರನೆಯ ಟೀಚರನ್ನು ಕೊಡಿ ಎಂದು ಗೌರಮ್ಮ ಗೋಗರೆಯುತ್ತಲೇ ಇದ್ದರು. ಕೊನೆಗೆ ಶಿಕ್ಷಣ ಇಲಾಖೆಯ ಸಾಹೇಬರು ಪಂಚಮಿಯ ದಿನವೇ ಬಂದು ಮಕ್ಕಳನ್ನು ನೋಡಲು ಒಪ್ಪಿದರಂತೆ. ನಾನಾಗಲೇ ರಜೆ ಹಾಕಿ ಪಂಚಮಿಗೆ ತವರಿಗೆ ಹೊರಟಿದ್ದೆ. ಗೌರಮ್ಮ ಬೆಳಿಗ್ಗೆ ಹುತ್ತಕ್ಕೆ ಹಾಲೆರೆದು, ಶಾಲೆಗೆ ಬಂದು ರಂಗೋಲಿ ಹಾಕಿ ಕಾದರು. ಸಾಹೇಬರು ಬಂದರು, ಮಕ್ಕಳು ಬರಲಿಲ್ಲ. ಇಲ್ಲಿನವರಿಗೆ ಪಂಚಮಿ ಎಂದರೆ ಒಂದು ತಂಬಿಗೆ ಹಾಲು. ನಮ್ಮವರಿಗೆ ಅದು ಜೋಕಾಲಿ, ಉಂಡಿ, ವಾರಗಟ್ಟಲೆ ತವರು. ಹೊಸದನ್ನು ಕೇಳಲು ಹೋಗಿ ಇದ್ದುದಕ್ಕೂ ಕುತ್ತು ಬಂತು. ಮಕ್ಕಳೇ ಇಲ್ಲದ ಶಾಲೆಗೆ ಇಬ್ಬರು ಏಕೆ ಎಂದು ಕೇಳಿ, ಹೆಡ್‌ಮಿಸ್ಸನ್ನು ಬಿಟ್ಟು ನನ್ನನ್ನು 'ಹೆಚ್ಚುವರಿ' ಮಾಡಿದರು. ಅಂದರೆ ನಾನು ಬೇರೆ ಶಾಲೆ ಆರಿಸಿಕೊಂಡು ಹೋಗಬೇಕು.

"ನಂಗೇನ್ರೀ ಗೊತ್ತು, ನಿಮ್ಮೋರೆಲ್ಲ ಹಬ್ಬಕ್ಕೆ ಊರಿಗೇ ಹೋಗ್ಬಿಡ್ತಾರೆ ಅಂತ!" ಗೌರಮ್ಮ ಕಣ್ಣೊರೆಸಿಕೊಂಡರು.

ಟೀಚರ್ ಹುದ್ದೆ ಖಾಲಿ ಇರುವ ಶಾಲೆಗಳಲ್ಲಿ ನಮ್ಮೂರ ಸಮೀಪದ್ದೂ ಒಂದಿತ್ತು. ಸುಳ್ಳೇಕೆ, ನನಗೆ ಸಂತೋಷವೇ ಆಯಿತು. ಫೋನಿನಲ್ಲಿ ಅವ್ವ, "ದೇವರು ಕಣ್ಣ ತೆರದಾನ ನೋಡವ್ವ," ಎಂದಳು.

ಮುಂದಿನ ವಾರ ಮಕ್ಕಳೆಲ್ಲ ಉಂಡಿಯ ಡಬ್ಬಿ ಹಿಡಿದು ಮರಳಿದರು. ತರಗತಿ ಮತ್ತೆ ತುಂಬಿತು. ಸುದ್ದಿ ತಿಳಿದ ರೇಣುಕಾಳ ತಾಯಿ ಮಲ್ಲವ್ವ ಶಿಫ್ಟು ಮುಗಿಸಿ ನೇರ ನನ್ನ ಬಾಗಿಲಿಗೆ ಬಂದಳು. "ಗೌರಮ್ಮ ಮಿಸ್ ಒಬ್ಬರಾ ಐದು ಕ್ಲಾಸ್ ನೋಡ್ತಾರೋ, ನನ್ನ ಕೂಸು ತೂಗತಾರೋ? ನೀವು ಹೋದ್ರ ರೇಣುಕಾನ ಸಾಲಿ ಮುಗೀತ್ರಿ." ಅವಳು ಅಳಲಿಲ್ಲ, ಅದೇ ನನಗೆ ಕಷ್ಟವಾಯಿತು.

ಮರುದಿನ ತಾಯಂದಿರನ್ನೂ ಮಕ್ಕಳನ್ನೂ ಕರೆದುಕೊಂಡು ನಾವಿಬ್ಬರೂ ಸಾಹೇಬರ ಆಫೀಸಿಗೆ ಹೋದೆವು. ಕೆಟ್ಟವರೇನಲ್ಲ, ಎಲ್ಲ ಕೇಳಿಸಿಕೊಂಡರು. "ಸರಿ ಮೇಡಂ, ಆದ್ರೆ ಈ ಮಕ್ಕಳ ಹೆಸರು ಅವರ ಊರ ಶಾಲೇಲೂ ಇದೆಯಲ್ಲ? ಎರಡೂ ಕಡೆ ಲೆಕ್ಕಕ್ಕೆ ತಗೊಳ್ಳೋಕಾಗಲ್ಲ. ಅಲ್ಲಿ ತೆಗೆಸಿ, ಇಲ್ಲಿ ನಿಮ್ಮನ್ನ ಉಳಿಸ್ತೀನಿ."

ಊರ ಶಾಲೆಯ ಮಾಸ್ತರಿಗೆ ನಾನೇ ಫೋನು ಮಾಡಿದೆ. ನನಗೆ ಅಕ್ಷರ ಕಲಿಸಿದವರು. "ಹುಡುಗರ ಹೆಸರು ತಗದ್ರ ನಾನೂ ಹೆಚ್ಚುವರಿ ಆಗತೀನವ್ವ," ಎಂದರು. ಅವರೇ ಮತ್ತೆ, "ಹುಡುಗರು ಎಲ್ಲಿ ಅದಾವೋ ಅಲ್ಲೇ ಮಾಸ್ತರ್ ಇರಬೇಕು. ಹೆಸರು ತಗದು ಕಾಗದ ಕಳಸ್ತೀನಿ," ಎಂದರು.

ನಾನು ಉಳಿದೆ. ರೇಣುಕಾ ಈಗ ತಮ್ಮನನ್ನು ತೂಗುತ್ತಲೇ ಗಟ್ಟಿಯಾಗಿ ಓದುತ್ತಾಳೆ. ಮಷೀನಿನ ಸದ್ದು ನನಗೆ ಕೇಳಿಸುವುದೇ ಇಲ್ಲ. ನನ್ನ ಮಾಸ್ತರು ನಮ್ಮೂರು ಬಿಟ್ಟು ಬೇರೆ ಶಾಲೆಗೆ ಹೋಗಬೇಕಾಯಿತು, ಅಲ್ಲೀಗ ಹೆಡ್‌ಮಾಸ್ತರು ಒಬ್ಬರೇ ಉಳಿದಿದ್ದಾರೆ. ಅಣ್ಣನ ಮಗಳು ಅಲ್ಲೇ ಎರಡನೆಯ ತರಗತಿ.

ಮೊನ್ನೆ ಅವಳು ಫೋನು ಇಸಿದುಕೊಂಡು, "ಅತ್ತಿ, ನಮ್ಮ ಸರ್ ನಿಮ್ಮ ಸಾಲಿಗಿ ಬಂದಾರೇನ?" ಎಂದು ಕೇಳಿದಳು.

ಇಲ್ಲವ್ವ ಎಂದೆ.

"ಹಂಗಾರ ನೀನರ ಬಾ."