ಅಕ್ಕಿ ನೆನೆಹಾಕುದು ಯಾರು?

ಬೆಳಕು ಈಗಷ್ಟೇ ಹರಿಯುತ್ತಿದೆ. ಪುತ್ತೂರಿನ ಕಾಲೇಜೊಂದರ ಕ್ಯಾಂಟೀನಿನಲ್ಲಿ ಪಾತ್ರೆಯ ಮುಚ್ಚಳ ತೆಗೆದ ಯಶಸ್ವಿ ಹಾಗೆಯೇ ನಿಂತುಬಿಡುತ್ತಾಳೆ. ನೀರ್ ದೋಸೆಯ ಅಕ್ಕಿ ನೆನೆದೇ ಇಲ್ಲ. ಎಂಟಕ್ಕೆ ಕಾಲೇಜಿನ ಅತಿಥಿಗಳು ಉಪಾಹಾರಕ್ಕೆ ಬರುತ್ತಾರೆ.

"ನೆನೆಹಾಕುವ ಅಂತ ನೀನೇ ಹೇಳಿದ್ದಲ್ವಾ?" ಅವಳ ತಂಡದ ಇಮ್ತಿಯಾಝ್ ಕೇಳುತ್ತಾನೆ.

"ಹಾಕುವ ಅಂದದ್ದು ಮಾರಾಯ, ಹಾಕ್ತೇನೆ ಅಂತ ಅಲ್ಲ! ನೀನೂ 'ಹಾಂ, ಹಾಕುವ' ಅಂದಿಯಲ್ಲ?" ಈ ಕಡೆಯ ಮಾತಿನಲ್ಲಿ 'ಹಾಕುವ' ಎಂದರೆ 'ಹಾಕೋಣ', ಹಾಕುವವರು ಯಾರೆಂದು ಅದರಲ್ಲಿಲ್ಲ.

"ನಾನು ಗಾನಶ್ರೀ ಹಾಕ್ತಾಳೆ ಅಂತ..."

"ನನ್ನ ತಲೆಗೆ ಕಟ್ಟಬೇಡಿ," ಗಾನಶ್ರೀಗೆ ಅಳುವೇ ಬಂದಿದೆ.

ಬಾಗಿಲ ಬಳಿ ಅವರ ಮೇಡಂ ರಮ್ಲತ್ ನಿಂತು ನೋಡುತ್ತಿದ್ದಾರೆ. ನಸುಕಿನ ಸುಬಹಿ ನಮಾಝ್ ಮುಗಿಸಿ, ಉಪ್ಪಿನಂಗಡಿಯಿಂದ ಮೊದಲ ಬಸ್ಸಿಗೆ ಬಂದವರು. ಇಲ್ಲಿ ಅತಿಥಿ ಉಪನ್ಯಾಸಕಿ. ಪ್ರತಿ ಜೂನ್‌ನಲ್ಲಿ ಕರೆ ಬಂದರೆ ಕೆಲಸ ಉಂಟು, ಇಲ್ಲದಿದ್ದರೆ ಇಲ್ಲ. ಪದವಿಯ ಕೊನೆಯ ವರ್ಷದವರಿಗೆ ತಂಡದಲ್ಲಿ ಕಲಿಯುವ ತರಗತಿ ತಂದವರು ಇವರೇ. ಒಬ್ಬರಿಗೊಬ್ಬರು ಹೊಸಬರಾದ ಮಕ್ಕಳನ್ನು ಒಂದುಗೂಡಿಸಿ ನಿಜವಾದ ಕೆಲಸವೊಂದನ್ನು ಒಪ್ಪಿಸುತ್ತಾರೆ. ನಿಯಮ ಒಂದೇ: ಕೆಲಸ ಶುರುವಾದ ಮೇಲೆ ಮೇಡಂ ಬಾಯಿ ಬಿಡುವಂತಿಲ್ಲ.

"ನಾಳೆ ಆಫೀಸಿನಲ್ಲಿ ಇವರ ಹಿಂದೆ ನಾನು ನಿಂತಿರುದಿಲ್ಲವಲ್ಲ," ಎಂದು ಕಾರಣ ಕೇಳಿದವರಿಗೆ ಹೇಳುತ್ತಿರುತ್ತಾರೆ. "ರಂಝಾನಿನ ಉಪವಾಸ ಸುಲಭ. ಈ ಮಾತಿನ ಉಪವಾಸ ಉಂಟಲ್ಲ, ಅದೇ ಕಷ್ಟ."

ಇಂದು ಆ ಉಪವಾಸ ಇನ್ನೂ ಕಷ್ಟ. ಉಪಾಹಾರ ಕೆಟ್ಟರೆ ಮುಂದಿನ ವರ್ಷ ಈ ತರಗತಿ ಇರುವುದಿಲ್ಲವೆಂದು ಪ್ರಾಂಶುಪಾಲ ಕೃಷ್ಣಮೋಹನ ಮೊದಲೇ ಹೇಳಿದ್ದಾರೆ. ತರಗತಿ ಹೋದರೆ ರಮ್ಲತ್ ಅವರ ಕೆಲಸವೂ ಹೋಗುತ್ತದೆ. ಅವರ ತುಟಿ ಮಾತ್ರ ಅಲುಗುತ್ತಿದೆ, ಪ್ರಾರ್ಥನೆಯಿರಬೇಕು.

ಗಡಿಯಾರದ ಮುಳ್ಳು ಯಾರಿಗಾಗಿಯೂ ಕಾಯುವುದಿಲ್ಲ. ಮಕ್ಕಳ ಜಗಳವೂ ಒಂದು ಹೊತ್ತಿಗೆ ಸುಸ್ತಾಗುತ್ತದೆ.

"ಸಜ್ಜಿಗೆ ಬಜಿಲ್ ಮಾಡುವ," ಎನ್ನುತ್ತಾಳೆ ಗಾನಶ್ರೀ. ರವೆಯ ಸಜ್ಜಿಗೆಗೆ, ಒಗ್ಗರಣೆ ಹಾಕಿದ ಅವಲಕ್ಕಿಗೆ ಏನನ್ನೂ ನೆನೆಹಾಕಬೇಕಿಲ್ಲ.

"ಮಾಡು*ವ*?" ಯಶಸ್ವಿ ಅವಳನ್ನೇ ನೋಡುತ್ತಾಳೆ.

"ಸಜ್ಜಿಗೆ ನಾನು ಮಾಡ್ತೇನೆ," ಗಾನಶ್ರೀ ತಿದ್ದಿಕೊಳ್ಳುತ್ತಾಳೆ.

"ಅವಲಕ್ಕಿ ನಾನು ತರ್ತೇನೆ." ಇಮ್ತಿಯಾಝ್ ಆಗಲೇ ಬೈಕಿನ ಕೀಲಿಗೆ ಕೈಹಾಕಿದ್ದಾನೆ.

"ಒಗ್ಗರಣೆ ನನ್ನದು. ಬೋರ್ಡಿನಲ್ಲಿ ನೀರ್ ದೋಸೆ ಅಳಿಸುದೂ ನಾನೇ," ಎನ್ನುತ್ತಾಳೆ ಯಶಸ್ವಿ.

ಎಂಟಕ್ಕೆ ತಟ್ಟೆಗಳು ಸಾಲಾಗಿ ಹೋಗುತ್ತವೆ. ಅತಿಥಿಗಳು ಇನ್ನಷ್ಟು ಕೇಳಿ ಬಡಿಸಿಕೊಳ್ಳುತ್ತಾರೆ. ಪ್ರಾಂಶುಪಾಲರು ಕೈ ತೊಳೆದು ಬರುತ್ತಾರೆ.

"ಸರ್, ಮುಂದಿನ ವರ್ಷದ ತರಗತಿ?" ರಮ್ಲತ್ ಅವರ ಸ್ವರ ಸಣ್ಣಗಿದೆ.

"ನೋಡುವ," ಎನ್ನುತ್ತಾರೆ ಅವರು.

ಈ ಊರಿನಲ್ಲಿ 'ನೋಡುವ' ಎಂದರೆ ಹೆಚ್ಚಾಗಿ ಇಲ್ಲವೆಂದೇ ಅರ್ಥ. ರಮ್ಲತ್ ತಲೆ ತಗ್ಗಿಸುತ್ತಾರೆ. ಅಷ್ಟರಲ್ಲಿ ಸೌಟು ಹಿಡಿದ ಯಶಸ್ವಿಯ ಬಾಯಿಯಿಂದ ಮಾತು ಹೊರಬೀಳುತ್ತದೆ: "ಸರ್... ಯಾರು ನೋಡುದು?"

ಕೃಷ್ಣಮೋಹನ ಅವರು ಹುಡುಗಿಯನ್ನು ನೋಡುತ್ತಾರೆ, ಅಳಿಸಿದ ಬೋರ್ಡನ್ನು ನೋಡುತ್ತಾರೆ. ಕೊನೆಗೆ ಅವರಿಗೇ ನಗು ತಡೆಯುವುದಿಲ್ಲ. "ನಾನು ಮಾರಾಯ್ತಿ. ನಾನೇ ಟೈಮ್‌ಟೇಬಲ್‌ಗೆ ಹಾಕ್ತೇನೆ."

ಬಸ್ಸಿಗೆ ಹೊರಟ ರಮ್ಲತ್ ಅವರನ್ನು ಇನ್ನೇನು ಬೇಕೆಂದು ಕೇಳಿದರೆ, ಅವರ ಆಸೆ ಇಷ್ಟೇ: "ನನ್ನ ಹೆಸರು ಮಕ್ಕಳಿಗೆ ಮರೆತರೂ ಅಡ್ಡಿಯಿಲ್ಲ. ಆದ್ರೆ ಆ ನೀರ್ ದೋಸೆ ಒಮ್ಮೆ ತಿನ್ಬೇಕು ಅಂತ ಉಂಟು."